ಓದುಗರ ಬಳಗ: ಬಳಸುವ ವಿಧಾನ

ನಮ್ಮ ಓದುಗರ ಬಳಗವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಮುಂದೆ ಬೇಕಾದೀತು, ಜೋಪಾನವಾಗಿಡಿ. ಜೋಪಾನವಾಗಿಡುವ ಜಾಗ ಪ್ರತಿ ಮನೆಯಲ್ಲೂ ಒಂದಿರುತ್ತದೆ. ನಮ್ಮಲ್ಲಿ ಅದು ಟೀವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರು. ಮಾರಿಹೋದ ಫ್ರಿಜ್ಜಿನ ವಾರಂಟಿ ಕಾರ್ಡು, ಒಂದು ಸಲವೂ ಮಡಿಕೆ ಬಿಚ್ಚದ ಮಿಕ್ಸಿ ಕೈಪಿಡಿ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಮೂರು ಕೀಲಿಕೈ ಅಲ್ಲಿವೆ.

ಈ ಕೈಪಿಡಿ ಬರೆಯಬೇಕಾಗಿ ಬಂದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ತಿಂಗಳು ಸಭೆ ನಮ್ಮ ಮನೆಯಲ್ಲಿತ್ತು. ವಿಷಯ: ಜನರು ಸುಲಭವಾಗಿ ಬಳಸುವಂಥ ವಸ್ತುಗಳನ್ನು ರೂಪಿಸುವುದು ಹೇಗೆ. ಬಂದವರು ಆರು ಜನ. ಆ ಆರು ಜನರಲ್ಲಿ ಒಬ್ಬರಿಗೂ ನಮ್ಮ ಗೇಟು ತೆಗೆಯಲು ಬರಲಿಲ್ಲ.

ಎಚ್ಚರಿಕೆ: ಬಳಗವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಇದರೊಂದಿಗೆ ವಾದಿಸುವಾಗ ಕಾಫಿ ಲೋಟ ಕೆಳಗಿಡಿ. ಚಿತ್ರ 1 ನೋಡಿ. (ಚಿತ್ರ 1 ಈ ಆವೃತ್ತಿಯಲ್ಲಿ ಇಲ್ಲ.)

ಪೆಟ್ಟಿಗೆಯಲ್ಲಿ ಏನೇನಿದೆ

ಸದಸ್ಯರು 10. ಬರುವವರು 6. ಪುಸ್ತಕ ಮುಗಿಸಿಕೊಂಡು ಬರುವವರು 2. ಬೆತ್ತದ ಕುರ್ಚಿ 4, ಪ್ಲಾಸ್ಟಿಕ್ ಕುರ್ಚಿ 3, ದಿವಾನ 1. ನಿವೃತ್ತ ಹೈಸ್ಕೂಲ್ ಮೇಷ್ಟ್ರು ಒಬ್ಬರು. ಇವರಿಗೆ ವಾಲ್ಯೂಮ್ ಬಟನ್ ಕೊಟ್ಟಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಆ್ಯಪ್ ಡಿಸೈನ್ ಮಾಡುವ ಹುಡುಗ ಒಬ್ಬ. ಇವನನ್ನು ಪ್ಲಗ್ ಪಾಯಿಂಟಿನ ಪಕ್ಕದಲ್ಲೇ ಕೂರಿಸಬೇಕು. ಬ್ಯಾಂಕಿನಿಂದ ಸ್ವಯಂನಿವೃತ್ತಿ ತೆಗೆದುಕೊಂಡ ಮೇಡಂ ಒಬ್ಬರು. ನಮ್ಮನೆಯವರು ಯಾವಾಗಲೂ ಸ್ಟ್ಯಾಂಡ್‌ಬೈ ಸ್ಥಿತಿಯಲ್ಲಿರುತ್ತಾರೆ, ಕೋಡುಬಳೆ ಕಂಡಾಗ ಮಾತ್ರ ದೀಪ ಹತ್ತುತ್ತದೆ. ನಮ್ಮತ್ತೆ ಈ ಪಟ್ಟಿಯಲ್ಲಿಲ್ಲ. ಅವರು ಸದಸ್ಯರಲ್ಲ, ಪುಸ್ತಕ ಓದುವುದಿಲ್ಲ. ಮನೆ ಮಾತ್ರ ಅವರ ಹೆಸರಿನಲ್ಲಿದೆ.

ಗೇಟು

ಗೇಟಿಗೆ ಹೊರಗಡೆ ಒಂದು ದಪ್ಪ ಹಿಡಿ ಇದೆ. ಹಿಡಿ ಕಂಡ ಕೈ ಎಳೆಯುತ್ತದೆ. ಎಳೆಯಬೇಡಿ. ಹಿಡಿ ಇರುವುದು ಅಲಂಕಾರಕ್ಕೆ. ಕೆಳಗೆ, ಮೊಣಕಾಲಿನ ಮಟ್ಟದಲ್ಲಿ ಒಂದು ಚಿಲಕವಿದೆ. ಅದನ್ನು ಮೇಲಕ್ಕೆತ್ತಿ ಗೇಟನ್ನು ಒಳಕ್ಕೆ ತಳ್ಳಬೇಕು. ಎಳೆಯಬೇಕೆನ್ನಿಸಿ ತಳ್ಳಬೇಕಾಗಿ ಬರುವ ಇಂಥ ಬಾಗಿಲುಗಳಿಗೆ ಡಿಸೈನಿನವರು ‘ನಾರ್ಮನ್ ಬಾಗಿಲು’ ಅನ್ನುತ್ತಾರೆ. ಅಮೆರಿಕದ ಡಾನ್ ನಾರ್ಮನ್ ಅವುಗಳ ಬಗ್ಗೆ ಅಷ್ಟು ಬರೆದರು, ಕೊನೆಗೆ ಕೆಟ್ಟ ಬಾಗಿಲುಗಳಿಗೆಲ್ಲ ಅವರ ಹೆಸರೇ ಬಿತ್ತು. ಕೊಳಚೆ ನೀರಿನ ಬಗ್ಗೆ ಹೋರಾಡಿದವರ ಹೆಸರನ್ನು ಚರಂಡಿಗೆ ಇಟ್ಟ ಹಾಗೆ.

ನಾರ್ಮನ್ ಹೇಳಿದ್ದು ಇಷ್ಟೇ: ‘ತಳ್ಳಿ’, ‘ಎಳೆಯಿರಿ’ ಎಂದು ಬಾಗಿಲಿನ ಮೇಲೆ ಬರೆಯಬೇಕಾಗಿ ಬಂದರೆ ಬಾಗಿಲು ಮಾಡಿದವನು ಅರ್ಧ ಸೋತ. ತಳ್ಳಬೇಕಾದ ಕಡೆ ಚಪ್ಪಟೆ ತಗಡು ಹೊಡೆದರೆ ಅಕ್ಷರ ಬಾರದವರೂ ತಳ್ಳುತ್ತಾರೆ. ನಾರ್ಮನ್‌ರ ಪುಸ್ತಕ ಚೀಲದಲ್ಲಿಟ್ಟುಕೊಂಡೇ ಮೇಷ್ಟ್ರು ನಮ್ಮ ಗೇಟನ್ನು ಐದು ನಿಮಿಷ ಎಳೆದರು. ಆಮೇಲೆ “ಬಹುಶಃ ಮನೆಯಲ್ಲಿ ಯಾರೂ ಇಲ್ಲ” ಎಂದು ತಿರುಗಿ ಹೊರಟಿದ್ದರು. ಅತ್ತೆ ಕಿಟಕಿಯಿಂದ ಕೂಗಿ ನಿಲ್ಲಿಸಿದರು.

“ಕ್ಷಮಿಸಿಮ್ಮಾ, ನಂಗೇ ಗೊತ್ತಾಗ್ಲಿಲ್ಲ,” ಅಂದರು ಮೇಷ್ಟ್ರು.

ಈ ‘ನಂಗೇ ಗೊತ್ತಾಗ್ಲಿಲ್ಲ’ವನ್ನು ನೆನಪಿಟ್ಟುಕೊಳ್ಳಿ. ಅವತ್ತಿನ ಸಭೆಯಲ್ಲಿ ಅದು ಏಳೆಂಟು ಸಲ ಕೇಳಿಬಂತು.

ಪುಸ್ತಕ ಅಳವಡಿಸುವುದು

“ಈ ತಿಂಗಳು ಯೂಸರ್ ಫ್ರೆಂಡ್ಲಿ ಡಿಸೈನ್ ಪುಸ್ತಕ, ಎಲ್ಲರೂ ಓದಿ ಬನ್ನಿ” ಎಂದು ವಾಟ್ಸ್ಆ್ಯಪಿನಲ್ಲಿ ಹಾಕಿದವಳು ನಾನು. ಪರಿಣಾಮ: ಮೂವರು ನಾರ್ಮನ್‌ರ ‘ದಿ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್’ ತಂದರು, ಇಬ್ಬರು ಕ್ಲಿಫ್ ಕ್ವಾಂಗ್ ಮತ್ತು ರಾಬರ್ಟ್ ಫ್ಯಾಬ್ರಿಕಂಟ್ 2019ರಲ್ಲಿ ಬರೆದ ‘ಯೂಸರ್ ಫ್ರೆಂಡ್ಲಿ’ ತಂದರು, ಒಬ್ಬರು ಕೋಡುಬಳೆ ತಂದರು. ಎರಡನೆಯ ಪುಸ್ತಕದ ಹೆಸರೇ ಅದು ಎಂದು ನನಗೆ ಹೊಳೆದಿರಲಿಲ್ಲ. ಬಳಕೆದಾರನ ತಪ್ಪೆಂದರೆ ಮಾಡಿದವನ ತಪ್ಪು ಅನ್ನುವ ನ್ಯಾಯದ ಪ್ರಕಾರ ಇದು ನನ್ನ ತಪ್ಪು, ಸದಸ್ಯರದಲ್ಲ.

ನಾರ್ಮನ್‌ರಿಗೂ ಇದೇ ಕಥೆಯಾಗಿತ್ತು ಅನ್ನುವುದೊಂದು ಸಮಾಧಾನ. 1988ರಲ್ಲಿ ಅವರ ಪುಸ್ತಕ ಮೊದಲು ಬಂದಾಗ ಹೆಸರಿನಲ್ಲಿ ಈಗ ‘ಡಿಸೈನ್’ ಇರುವ ಜಾಗದಲ್ಲಿ ‘ಸೈಕಾಲಜಿ’ ಇತ್ತು. ಯಾರು ಓದಬೇಕಿತ್ತೋ ಅವರು ಆ ಹೆಸರು ನೋಡಿ ತಮಗಲ್ಲವೆಂದುಕೊಂಡರು. ಆಮೇಲಿನ ಮುದ್ರಣದಲ್ಲಿ ಹೆಸರು ಬದಲಾಯಿತು. 2013ರಲ್ಲಿ ತಿದ್ದಿದ ಆವೃತ್ತಿಯೂ ಬಂತು. ದಾರಿ ತಪ್ಪಿಸುವ ಫಲಕಗಳ ಬಗ್ಗೆ ಬರೆದ ಪುಸ್ತಕದ ಹೊದಿಕೆಯೇ ಒಂದು ದಾರಿ ತಪ್ಪಿಸುವ ಫಲಕವಾಗಿತ್ತು.

ಹೊದಿಕೆಯ ಮೇಲೊಂದು ಕಾಫಿ ಪಾತ್ರೆಯಿದೆ. ಫ್ರೆಂಚ್ ಕಲಾವಿದ ಜಾಕ್ ಕಾರೆಲ್ಮನ್ ಕಲ್ಪಿಸಿದ್ದು. ಹಿಡಿ ಮತ್ತು ಮೂತಿ ಎರಡೂ ಒಂದೇ ಬದಿಗೆ. ಅತ್ತೆ ಕಾಫಿ ತಂದಿಟ್ಟವರು ಪುಸ್ತಕ ತಿರುಗಿಸಿ ನೋಡಿ, “ಇದ್ಯಾರು ಮಾಡಿದ್ದು? ಬಗ್ಗಿಸಿದ್ರೆ ಕೈಮೇಲೇ ಬೀಳತ್ತಲ್ಲ” ಅಂದರು. ಪುಸ್ತಕದ ಮೊದಲ ಅಧ್ಯಾಯ ಅಲ್ಲಿಗೆ ಮುಗಿಯಿತು. ಹಾಗಂತ ನಮ್ಮ ಮನೆಯ ಸ್ಟೀಲ್ ಜಗ್ಗು ಅದಕ್ಕಿಂತ ವಾಸಿಯೇನಲ್ಲ. ಅದರಲ್ಲಿ ನೀರು ಮೂತಿಯಿಂದ ಬೀಳುವುದಿಲ್ಲ, ಹೊಟ್ಟೆಗುಂಟ ಇಳಿದು ತಳದಿಂದ ಬೀಳುತ್ತದೆ. ಹದಿನಾಲ್ಕು ವರ್ಷದಿಂದ ಅದರ ಕೆಳಗೆ ಒಂದು ತಟ್ಟೆ ಹಿಡಿಯುತ್ತಿದ್ದೇನೆ. ಜಗ್ಗು ಬದಲಾಯಿಸಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ಚಾಲೂ ಮಾಡುವುದು

ಚರ್ಚೆಯನ್ನು ಚಾಲೂ ಮಾಡಲು ಮಧ್ಯದಲ್ಲಿ ಒಂದು ಕನ್ನಡ ಪದ ಎಸೆಯಿರಿ. ಹುಡುಗ ‘ಬಳಕೆದಾರಸ್ನೇಹಿ’ ಎಂದ. ಮೇಷ್ಟ್ರು ತಕ್ಷಣ ಬಿಸಿಯಾದರು. “ಪರಿಸರಸ್ನೇಹಿ, ಜನಸ್ನೇಹಿ ಪೊಲೀಸು, ಈಗ ಬಳಕೆದಾರಸ್ನೇಹಿ. ಇಷ್ಟೊಂದು ಸ್ನೇಹ ಇರೋ ದೇಶದಲ್ಲಿ ಒಂದು ಗೇಟು ತೆಗೆಯೋಕಾಗಲ್ಲ ನೋಡಿ.” ‘ಸಲೀಸು’ ಅನ್ನುವ ಒಳ್ಳೆ ಪದ ಇರುವಾಗ ಇದೇಕೆ ಬೇಕು ಎಂದು ಅವರ ವಾದ. ನನ್ನ ಮತವೂ ಅದಕ್ಕೇ.

‘ಅಫೋರ್ಡೆನ್ಸ್’ ಎಂಬ ಪದಕ್ಕೆ ಮಾತ್ರ ಇಡೀ ಬಳಗ ಮುಗ್ಗರಿಸಿತು. ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ಕಟ್ಟಿದ ಪದ, ನಾರ್ಮನ್ ಎತ್ತಿಕೊಂಡು ಡಿಸೈನಿಗೆ ತಂದರು. ಒಂದು ವಸ್ತು ಒಬ್ಬ ಮನುಷ್ಯನಿಗೆ ಯಾವ ಯಾವ ಕೆಲಸಕ್ಕೆ ಒದಗಬಲ್ಲದೋ ಅದು. ಕುರ್ಚಿ ಕೂರುವುದಕ್ಕೆ ಒದಗುತ್ತದೆ, ನಮ್ಮನೆಯವರಿಗೆ ಪ್ಯಾಂಟು ನೇತುಹಾಕುವುದಕ್ಕೂ ಒದಗುತ್ತದೆ. ಎಲ್ಲರೂ ಇದನ್ನು ‘ಕಣ್ಣಿಗೆ ಕಾಣುವ ಸೂಚನೆ’ ಅನ್ನುವ ಅರ್ಥದಲ್ಲಿ ಬಳಸಲು ಹೊರಟಾಗ ನಾರ್ಮನ್ 2013ರ ಆವೃತ್ತಿಯಲ್ಲಿ ಸೂಚನೆಗೆ ‘ಸಿಗ್ನಿಫೈಯರ್’ ಎಂಬ ಬೇರೆ ಪದವನ್ನೇ ಒತ್ತಿ ಹೇಳಬೇಕಾಯಿತು. ಒದಗುವುದು ಬೇರೆ, ಒದಗುತ್ತೇನೆಂದು ತೋರಿಸಿಕೊಳ್ಳುವುದು ಬೇರೆ. ನಮ್ಮ ಗೇಟು ತಳ್ಳಿದರೆ ತೆರೆಯಲು ಒದಗುತ್ತದೆ. ಹಾಗೆಂದು ಯಾರಿಗೂ ಹೇಳುವುದಿಲ್ಲ.

ಮೇಷ್ಟ್ರು ‘ಒದಗುಣ’ ಎಂದು ಪದ ಕಟ್ಟಿದರು. ಚೆನ್ನಾಗಿದೆ ಅನ್ನಿಸಿತು, ಆದರೆ ಅವರನ್ನು ಬಿಟ್ಟು ಯಾರೂ ಬಳಸಲಾರರು. ಇದೇ ಹೊತ್ತಿಗೆ ಹುಡುಗ ಫೋನಿನಲ್ಲಿ ಒಂದು ವಿಷಯ ತೋರಿಸಿದ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಡಿಸೈನರ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯಿಂದ. ನಮ್ಮ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಹಾಡಿ ಹೊಗಳಿದ್ದು ಲೋಟಾವನ್ನು, ಅಂದರೆ ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಭಾರ ಎಲ್ಲಿ ಕೂರಬೇಕು, ಸೊಂಟದ ಮೇಲೆ ಹೇಗೆ ನಿಲ್ಲಬೇಕು, ತೊಳೆಯಲು ಕೈ ಒಳಗೆ ಹೋಗಬೇಕೋ ಬೇಡವೋ ಎಂದು ಪಟ್ಟಿ ಮಾಡಿ, ಇದನ್ನು ಒಬ್ಬ ಮನುಷ್ಯ ಕೂತು ಡಿಸೈನ್ ಮಾಡಿದ್ದಲ್ಲ, ತಲೆತಲಾಂತರದ ಕೈಗಳು ತಿದ್ದಿದ್ದು ಎಂದು ಗುರುತಿಸಿದರು.

“ಅದಕ್ಕೇ ನಮ್ಮಲ್ಲಿ ಮೋಸ ಮಾಡಿದ್ರೆ ಚೊಂಬು ಕೊಟ್ಟ ಅಂತಾರೆ,” ಎಂದರು ನಮ್ಮನೆಯವರು. ದೀಪ ಹತ್ತಿತ್ತು. ಕೋಡುಬಳೆ ಅವರ ಮುಂದೆ ಬಂದಿತ್ತು.

ಮೂರು ಕೂಗು

ಈ ಭಾಗವನ್ನು ಗಮನವಿಟ್ಟು ಓದಿ.

ವಸ್ತುವಿಗೆ ನಾವು ಏನಾದರೂ ಮಾಡಿದರೆ ‘ಆಯಿತು’ ಎಂದು ಅದು ತಿರುಗಿ ಹೇಳಬೇಕು, ಇದು ನಾರ್ಮನ್‌ರ ಇನ್ನೊಂದು ನಿಯಮ. ಇಂಗ್ಲಿಷಿನಲ್ಲಿ ಫೀಡ್‌ಬ್ಯಾಕ್. ಬ್ಯಾಂಕಿನ ಮೇಡಂ ಇದನ್ನು ವಿವರಿಸುತ್ತಿದ್ದರು. ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕಳಿಸಿದ ಕೂಡಲೇ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿ ಇಷ್ಟು ರೂಪಾಯಿ ಬಂತು ಎಂದು ಕನ್ನಡದಲ್ಲಿ ಕೂಗುತ್ತದೆ. ಕೈ ಒದ್ದೆಯಿದ್ದರೂ, ಕೊತ್ತಂಬರಿ ಕಟ್ಟುತ್ತಿದ್ದರೂ ಅಂಗಡಿಯವಳು ಫೋನ್ ನೋಡಬೇಕಾಗಿಲ್ಲ. ಒಳ್ಳೆ ಉದಾಹರಣೆ. ಅಷ್ಟರಲ್ಲಿ ಅಡುಗೆಮನೆಯಿಂದ ಕುಕ್ಕರ್ ಕೂಗಿತು. ಮೇಡಂ ಮಾತು ನಿಲ್ಲಿಸಲಿಲ್ಲ, ಆದರೆ ಅವರ ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣಿಗೆ ಹೋಯಿತು.

ಎರಡನೇ ಕೂಗು. ಹೆಬ್ಬೆರಳು ಎರಡನೇ ಗೆಣ್ಣಿಗೆ. ನಾನೂ ಎಣಿಸುತ್ತಿದ್ದೆ. ಗಂಡಸರಿಗೆ ಕುಕ್ಕರ್ ಕೂಗಿದ್ದು ಕೇಳಿಸಿದ್ದೇ ಅನುಮಾನ.

ಆಮೇಲೆ ಚೊಂಬಿನ ಬಗ್ಗೆ ಮತ್ತೆ ಗಲಾಟೆಯಾಯಿತು. ಹಿತ್ತಿಲಿನಿಂದ ಅತ್ತೆ, “ಎಷ್ಟಾಯ್ತೇ?” ಎಂದು ಕೂಗಿದರು. ನಾನು ಮೂರು ಅಂದೆ. ಮೇಡಂ ಎರಡು ಅಂದರು. ಹುಡುಗ ನಾಲ್ಕು ಅಂದ. ಅವನು ಪಕ್ಕದ ಮನೆಯದ್ದನ್ನೂ ಸೇರಿಸಿದ್ದ.

ಫೀಡ್‌ಬ್ಯಾಕ್ ಬಗ್ಗೆ ಮಾತಾಡುತ್ತಿದ್ದ ಆರು ಜನ, ಬೀದಿಯ ಆ ತುದಿಗೆ ಕೇಳುವಂಥ ಫೀಡ್‌ಬ್ಯಾಕು, ಆದರೂ ಎಷ್ಟಾಯಿತೆಂದು ಯಾರಿಗೂ ಗೊತ್ತಿಲ್ಲ.

ಕುಕ್ಕರಿನ ಸಂಗತಿಯೇ ವಿಚಿತ್ರ. ಅದರ ಜೊತೆ ಬರುವ ಪುಸ್ತಕ ತೆಗೆದು ನೋಡಿ: ಒತ್ತಡ ಪೂರ್ತಿ ಏರಿದ ಮೇಲೆ ಉರಿ ಸಣ್ಣ ಮಾಡಿ ಇಂತಿಷ್ಟು ನಿಮಿಷ ಬಿಡಿ ಎಂದಿರುತ್ತದೆ. ಲೆಕ್ಕ ನಿಮಿಷದ್ದು. ಮೇಲಿನ ಗುಂಡು ಇರುವುದು ಒತ್ತಡವನ್ನು ಒಂದು ಮಟ್ಟದಲ್ಲಿ ಹಿಡಿಯಲು. ಹೆಚ್ಚಾದ ಹಬೆ ಅದನ್ನು ಎತ್ತಿ ಹೊರಬೀಳುವ ಸದ್ದೇ ನಮ್ಮ ಕೂಗು. ಉರಿ ಜೋರಿದ್ದರೆ ಬೇಗ ಬೇಗ ಕೂಗುತ್ತದೆ, ಸಣ್ಣಗಿದ್ದರೆ ತಡವಾಗಿ ಕೂಗುತ್ತದೆ. ಹಾಗಾಗಿ ಮೂರು ಕೂಗು ಅನ್ನುವುದು ಅಳತೆಯೇ ಅಲ್ಲ. ಆದರೂ ಇಡೀ ದೇಶ ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಡಲೆಕಾಳಿಗೆ ಆರು ಎಂದು ಎಣಿಸುತ್ತದೆ, ಅನ್ನವೂ ಆಗುತ್ತದೆ. ಏಕೆಂದರೆ ಪ್ರತಿ ಮನೆಗೂ ಅದದೇ ಕುಕ್ಕರು, ಅದದೇ ಒಲೆ, ಅದದೇ ಅಕ್ಕಿ. ತಯಾರಕರು ಬರೆದ ಕೈಪಿಡಿಯನ್ನು ಜನ ಪಕ್ಕಕ್ಕಿಟ್ಟು ತಮ್ಮದೇ ಒಂದನ್ನು ಬರೆದುಕೊಂಡರು, ಬಾಯಿಂದ ಬಾಯಿಗೆ.

ಆದರೆ ಎಣಿಕೆ ಮಾತ್ರ ನಮ್ಮ ತಲೆಯಲ್ಲೇ ಇರಬೇಕು. ತಲೆಯೊಳಗಿನ ತಿಳಿವು, ಲೋಕದೊಳಗಿನ ತಿಳಿವು ಎಂದು ನಾರ್ಮನ್ ಎರಡು ಭಾಗ ಮಾಡುತ್ತಾರೆ. ತಲೆಯ ಮೇಲೆ ಹೊರಿಸಿದ್ದನ್ನು ಆದಷ್ಟೂ ಲೋಕದಲ್ಲಿ ಇಳಿಸಿಡಿ ಅನ್ನುವುದು ಅವರ ಸಲಹೆ. ನಾನು ಒಲೆ ಆರಿಸಲು ಓಡಿದೆ. ಕಟ್ಟೆಯ ಮೇಲೆ ಮೂರು ಹುರುಳಿಕಾಯಿ ಸಾಲಾಗಿ ಮಲಗಿದ್ದವು. ಅತ್ತೆ ನನಗಿಂತ ಮುಂಚೆ ಬಂದು ಆರಿಸಿಬಿಟ್ಟಿದ್ದರು. ಒಂದು ಕೂಗಿಗೆ ಒಂದು ಹುರುಳಿಕಾಯಿ ಪಕ್ಕಕ್ಕಿಡುವುದು ಅವರ ಪದ್ಧತಿಯಂತೆ. ಮೊದಲೆರಡನ್ನು ಇಟ್ಟು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋಗಿದ್ದರು. ಹಾಗಾದರೆ ನಮ್ಮನ್ನು ಕೇಳಿದ್ದೇಕೆ? “ನೀವೇನೋ ಅದರ ಮೇಲೇ ಮಾತಾಡ್ತಿದ್ರಲ್ಲ, ಗೊತ್ತಿರತ್ತೆ ಅಂದ್ಕೊಂಡೆ.”

ಸ್ವಿಚ್ ಬೋರ್ಡು

ಬಚ್ಚಲಮನೆಯ ಹೊರಗೆ ಆರು ಸ್ವಿಚ್ಚಿನ ಬೋರ್ಡಿದೆ. ಆರೂ ಒಂದೇ ಬಣ್ಣ, ಒಂದೇ ಆಕಾರ, ಒಂದೇ ಸಾಲು. ಅವುಗಳಲ್ಲಿ ಐದನೆಯದು ಗೀಸರಿನದು, ಆರನೆಯದು ನೀರಿನ ಮೋಟಾರಿನದು. ಐದನೆಯದರ ಮೇಲೆ ಕೆಂಪು ಸ್ಟಿಕರ್ ಬೊಟ್ಟು ಇದೆ. ಅದನ್ನು ಕೀಳಬೇಡಿ.

ಬೊಟ್ಟಿನ ಇತಿಹಾಸ ಹೀಗೆ. ಒಂದು ಆಯುಧ ಪೂಜೆಗೆ ಬೋರ್ಡಿಗೆ ಗಂಧ ಕುಂಕುಮ ಇಟ್ಟಿದ್ದೆವು. ಮರುದಿನ ಒರೆಸುವಾಗ ಐದನೇ ಸ್ವಿಚ್ಚಿನ ಮೇಲಿನದು ಉಳಿದುಹೋಯಿತು. ಅದು ಮಾಸುವ ತನಕ ಮನೆಯಲ್ಲಿ ಗೀಸರಿನ ಬದಲು ಮೋಟಾರು ಹಾಕಿದವರಿಲ್ಲ. ಮಾಸಿದ ವಾರವೇ ಟ್ಯಾಂಕು ತುಂಬಿ ಹರಿಯಿತು. ಅತ್ತೆ ಬಚ್ಚಲಮನೆ ಕನ್ನಡಿಗೆ ನಾನು ಅಂಟಿಸಿಟ್ಟ ಬೊಟ್ಟುಗಳಲ್ಲಿ ಒಂದನ್ನು ಕಿತ್ತು ಸ್ವಿಚ್ಚಿಗೆ ಹಚ್ಚಿದರು. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಈಗ ಕೇಳಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆ ಉಜ್ಜಿಕೊಂಡು ಕುಸಿಯುತ್ತಿದ್ದವು. ಪೈಲಟ್ಟಿನ ತಪ್ಪು ಎಂದು ಬರೆದು ಕಡತ ಮುಚ್ಚುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿನೊಳಗೆ ಹೋಗಿ ನೋಡಿದ. ರೆಕ್ಕೆಯ ಫ್ಲ್ಯಾಪಿನ ಹಿಡಿ, ಚಕ್ರದ ಹಿಡಿ, ಎರಡೂ ಅಕ್ಕಪಕ್ಕ, ಎರಡೂ ಒಂದೇ ಥರ. ಇಳಿದ ಮೇಲೆ ಫ್ಲ್ಯಾಪು ಮಡಚಲು ಹೋದ ಸುಸ್ತಾದ ಪೈಲಟ್ಟು ಚಕ್ರವನ್ನೇ ಮಡಚುತ್ತಿದ್ದ. ಚಪಾನಿಸ್ ಚಕ್ರದ ಹಿಡಿಗೆ ಒಂದು ಪುಟ್ಟ ರಬ್ಬರ್ ಚಕ್ರ ಅಂಟಿಸಿದ, ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡು. ಕೈ ಮುಟ್ಟಿದರೆ ತಿಳಿಯಬೇಕು. ಆ ಅಪಘಾತಗಳು ನಿಂತವು. ಇಂದಿಗೂ ವಿಮಾನಗಳಲ್ಲಿ ಆ ಹಿಡಿಯ ತುದಿ ಚಕ್ರದಂತೆಯೇ ಇರುತ್ತದೆ.

ಇದನ್ನು ಓದಿ ಹೇಳಿದ್ದು ‘ಯೂಸರ್ ಫ್ರೆಂಡ್ಲಿ’ ಬಣದ ಮೇಡಂ. ರಬ್ಬರ್ ಚಕ್ರಕ್ಕೂ ಕನ್ನಡಿಯ ಬೊಟ್ಟಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಒಂದು ವ್ಯತ್ಯಾಸವಿದೆ: ಚಪಾನಿಸ್‌ಗೆ ಸಂಬಳ ಬರುತ್ತಿತ್ತು. ನಾವು ದುಡ್ಡು ಕೊಟ್ಟು ಬೋರ್ಡು ತಂದು, ಬೊಟ್ಟನ್ನೂ ನಮ್ಮದೇ ಖರ್ಚಿನಲ್ಲಿ ಹಚ್ಚುತ್ತೇವೆ.

ಅತಿಯಾಗಿ ಬಿಸಿಯಾದರೆ

ಬಳಗ ಬಿಸಿಯಾಗುವುದು ಸಹಜ, ಗಾಬರಿಯಾಗಬೇಡಿ. ಹುಡುಗ 1979ರ ಮಾರ್ಚ್ 28ರ ಥ್ರೀ ಮೈಲ್ ಐಲೆಂಡ್ ಅಪಘಾತದ ಮಾತು ತೆಗೆದ. ಅಮೆರಿಕದ ಪೆನ್ಸಿಲ್ವೇನಿಯಾದ ಅಣುಸ್ಥಾವರ. ಒತ್ತಡ ಇಳಿಸುವ ಒಂದು ಕವಾಟ ತೆರೆದುಕೊಂಡದ್ದು ಮತ್ತೆ ಮುಚ್ಚಲಿಲ್ಲ, ತಂಪಿಡಬೇಕಾದ ನೀರು ಎರಡು ಗಂಟೆಗೂ ಮೀರಿ ಸೋರಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಕವಾಟ ಮುಚ್ಚಿದೆ ಎನ್ನುವಂತೆ ಆರಿತ್ತು. ಅಸಲಿಗೆ ಆ ದೀಪ ಕವಾಟವನ್ನು ನೋಡುತ್ತಲೇ ಇರಲಿಲ್ಲ. ಮುಚ್ಚು ಎಂಬ ಆದೇಶ ಹೋಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಸ್ಥಾವರದ ತಿರುಳಿನಲ್ಲಿ ಸುಮಾರು ಅರ್ಧ ಕರಗಿತು.

“ಆದೇಶ ಆಗಿದೆ ಅಂದ್ರೆ ಕೆಲಸ ಆಗಿದೆ ಅಂತ ಅಲ್ಲ. ಇದನ್ನ ತಿಳ್ಕೊಳ್ಳೋಕೆ ಪೆನ್ಸಿಲ್ವೇನಿಯಾಕ್ಕೆ ಹೋಗ್ಬೇಕೇನ್ರೀ? ಖಾತೆ ಬದಲಾವಣೆಗೆ ಅರ್ಜಿ ಹಾಕಿದವರನ್ನ ಕೇಳಿ,” ಎಂದರು ಮೇಷ್ಟ್ರು.

ಮೇಷ್ಟ್ರ ಬಳಿ ಇದಕ್ಕೆ ಎದುರಾದ ಒಂದು ಉದಾಹರಣೆ ಇತ್ತು, ಅವತ್ತಿನ ಅತ್ಯುತ್ತಮ ಉದಾಹರಣೆ: ಮತಯಂತ್ರ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವುದು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಾರಿ ಬಳಸಿದರು. 2004ರ ಲೋಕಸಭಾ ಚುನಾವಣೆ ಪೂರ್ತಿ ಅದರಲ್ಲೇ ನಡೆಯಿತು. ಮೇಷ್ಟ್ರು ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿದ್ದವರು. ಹೆಸರು, ಪಕ್ಕದಲ್ಲಿ ಚಿಹ್ನೆ, ಅದರ ಪಕ್ಕದಲ್ಲೇ ಒಂದು ನೀಲಿ ಗುಂಡಿ. ಒತ್ತಿದರೆ ಅದೇ ಸಾಲಿನಲ್ಲಿ ಕೆಂಪು ದೀಪ, ಆಮೇಲೆ ಉದ್ದನೆಯ ಬೀಪ್. ಓಟು ಹಾಕಿದವರಿಗೂ ಕೇಳುತ್ತದೆ, ಮರೆಯಾಚೆ ಕೂತ ಏಜೆಂಟರಿಗೂ ಕೇಳುತ್ತದೆ. ಎರಡನೇ ಸಲ ಒತ್ತಿದರೆ ಏನೂ ಆಗದು. ವಿವಿಪ್ಯಾಟ್ ಬಂದ ಮೇಲೆ ಗಾಜಿನ ಕಿಂಡಿಯಲ್ಲಿ ಚೀಟಿ 7 ಸೆಕೆಂಡು ಕಾಣಿಸುತ್ತದೆ. ಓದು ಬಾರದವರು, ಜೀವನದಲ್ಲಿ ಬೇರೆ ಯಾವ ಗುಂಡಿಯನ್ನೂ ಒತ್ತದವರು, ಕೈಪಿಡಿ ಇಲ್ಲದೆ ಬಳಸುವ ಯಂತ್ರ.

“ಆದ್ರೂ ಶುರುವಿನಲ್ಲಿ ಕೆಲವರು ಗುಂಡಿ ಬಿಟ್ಟು ಚಿತ್ರದ ಮೇಲೇ ಒತ್ತೋರು,” ಎಂದರು ಮೇಷ್ಟ್ರು. ಗುಂಡಿಗಿಂತ ಚಿತ್ರ ದೊಡ್ಡದು, ಅವರಿಗೆ ಬೇಕಾಗಿದ್ದೂ ಅದೇ. “ಬೀಪ್ ಬರ್ತಿರ್ಲಿಲ್ಲ. ಪಾಪ, ಹೊರಗೆ ಬಂದು ಏನ್ ಹೇಳೋರು ಗೊತ್ತಾ? ನಂಗೇ ಬರಲ್ಲ ಸ್ವಾಮಿ ಅನ್ನೋರು.”

ಅಲ್ಲಿಗೆ ನಾನು ಬಿಸಿಯಾದೆ. ನಮ್ಮತ್ತೆಯ ಪಿಂಚಣಿ ಬರುವ ಖಾತೆಗೆ ಒಂದು ಆ್ಯಪ್ ಇದೆ. ಅದು ಒಟಿಪಿ ಕಳಿಸುತ್ತದೆ, 30 ಸೆಕೆಂಡು ಕೊಡುತ್ತದೆ. ಒಟಿಪಿ ಪರದೆಯ ಮೇಲುಗಡೆ ಒಂದು ಕ್ಷಣ ಇಣುಕಿ ಮಾಯವಾಗುತ್ತದೆ. ಹುಡುಕಲು ಮೆಸೇಜಿಗೆ ಹೋಗಿ ವಾಪಸು ಬಂದರೆ ಆ್ಯಪ್ ಮೊದಲಿಂದ ಶುರು ಮಾಡು ಅನ್ನುತ್ತದೆ. ಮೂರು ಸಲ ತಪ್ಪಿದರೆ 24 ಗಂಟೆ ಬೀಗ. ಅತ್ತೆ ಫೋನ್ ನನ್ನ ಕೈಗಿಟ್ಟು, “ನಂಗಿವೆಲ್ಲ ಹತ್ತಲ್ಲಮ್ಮ, ತಲೆ ಮೊದಲಿನ ಹಾಗಿಲ್ಲ” ಅನ್ನುತ್ತಾರೆ. ಮನೆತನದ ನಲವತ್ತು ಜನರ ನಕ್ಷತ್ರ, ಪಾದ ಸಮೇತ, ಪಂಚಾಂಗ ನೋಡದೆ ಹೇಳುವ ತಲೆ ಅದು.

ಮೇಡಂ ಬ್ಯಾಂಕಿನ ಪರ ವಹಿಸಿದರು. ಭದ್ರತೆ ಎಂದರೆ ಸ್ವಲ್ಪ ಕಷ್ಟ ಇರಲೇಬೇಕು. ಒಪ್ಪೋಣ. ಆದರೆ ಇದೇ ಬ್ಯಾಂಕುಗಳಿಗೆ ಒಂದು ಕಾಲದಲ್ಲಿ ಮನುಷ್ಯನ ಮರೆವಿನ ಬಗ್ಗೆ ತಿಳಿವಳಿಕೆ ಇತ್ತಲ್ಲ. ಎಟಿಎಂ ಹಣ ಮೊದಲು ಕೊಟ್ಟರೆ ಜನ ಕಾರ್ಡು ಅಲ್ಲೇ ಬಿಟ್ಟು ಹೋಗುತ್ತಾರೆಂದು ಕಂಡು, ಕಾರ್ಡು ತೆಗೆದುಕೊಂಡ ಮೇಲೇ ಹಣ ಎಂದು ಕ್ರಮ ತಿರುಗಿಸಿದರು. ಯಾರಿಗೂ ಬೈಯಲಿಲ್ಲ, ಫಲಕ ಹಾಕಲಿಲ್ಲ. ಕುಕ್ಕರಿನಲ್ಲೂ ಅದೇ ಉಪಾಯ: ಮುಚ್ಚಳ ಒಳಗಿನಿಂದ ಕೂರುವ ಮಾದರಿಯಲ್ಲಿ ಹಬೆ ಇರುವ ತನಕ ನೀವು ತೆಗೆಯಬೇಕೆಂದರೂ ಅದು ಬಿಡುವುದಿಲ್ಲ. ಅಜಾಗರೂಕರನ್ನು ತಿದ್ದಲು ಹೋಗದೆ, ಅಜಾಗರೂಕರಿಗೂ ಕೈ ಸುಡದ ಹಾಗೆ ಮಾಡಿದ್ದಾರೆ. ಕಷ್ಟವನ್ನು ಎಲ್ಲಿ ಇಡಬೇಕೆಂದು ಗೊತ್ತಿದ್ದವರ ಕೆಲಸ ಅದು. 30 ಸೆಕೆಂಡು ಇಟ್ಟವರು ಎಪ್ಪತ್ತೆಂಟು ವರ್ಷದ ಬೆರಳನ್ನು ನೋಡಿಯೇ ಇಲ್ಲ.

ಹುಡುಗ ಸುಮ್ಮನಿದ್ದ. ಸ್ವಲ್ಪ ಹೊತ್ತಾದ ಮೇಲೆ, “ಅಕ್ಕ, ನಮ್ ಆಫೀಸಲ್ಲಿ ಟೆಸ್ಟ್ ಮಾಡೋರೆಲ್ಲ ಇಪ್ಪತ್ತೆಂಟು ವರ್ಷದೋರು,” ಅಂದ. ಅವತ್ತು ಯಾರಾದರೂ ತಮ್ಮ ತಪ್ಪನ್ನು ತಾವೇ ಸರಿಯಾದ ಜಾಗದಲ್ಲಿ ಹಿಡಿದದ್ದು ಅದೊಂದೇ ಸಲ.

ದೋಷ ನಿವಾರಣೆ

ಸದಸ್ಯರಿಂದ ಸದ್ದೇ ಬರುತ್ತಿಲ್ಲ: ಪುಸ್ತಕ ಓದಿಲ್ಲ. ಹೊದಿಕೆಯ ಬಗ್ಗೆ ಕೇಳಿ.

ಸದ್ದು ನಿಲ್ಲುತ್ತಲೇ ಇಲ್ಲ: ಮೇಷ್ಟ್ರಿಗೆ ಕನ್ನಡ ಕೀಲಿಮಣೆಯ ವಿಷಯ ಯಾರೋ ತೆಗೆದಿದ್ದಾರೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. “ಮಹಾಪ್ರಾಣಕ್ಕೆ ಉಸಿರೂ ಹೆಚ್ಚು ಬೇಕು, ಬೆರಳೂ ಹೆಚ್ಚು ಬೇಕು, ಎಂಥ ಯೋಚನೆ ನೋಡಿ!” ಎಂದು ಅವರು ಪ್ರತಿ ಸಲವೂ ಹಿಗ್ಗುತ್ತಾರೆ. ಒತ್ತಕ್ಷರಕ್ಕೆ ಎಫ್ ಯಾಕೆ ಎಂದು ಕೇಳಿ. ಕನ್ನಡಕ್ಕೆ ಆ ಸದ್ದು ಬೇಡವಾಗಿತ್ತು, ಖಾಲಿ ಕೂತಿತ್ತು, ಕೆಲಸ ಕೊಟ್ಟರು ಅನ್ನುತ್ತಾರೆ. ಹತ್ತು ನಿಮಿಷ ಬಿಡಿ, ತಾನಾಗಿ ತಣ್ಣಗಾಗುತ್ತದೆ.

ನಮ್ಮನೆಯವರ ದೀಪ ಆರಿದೆ: ಕೋಡುಬಳೆ ಡಬ್ಬಿ ಪರೀಕ್ಷಿಸಿ.

ಮೇಲಿನ ಯಾವುದರಿಂದಲೂ ಸರಿಯಾಗಲಿಲ್ಲ: ಆಫ್ ಮಾಡಿ ಮತ್ತೆ ಆನ್ ಮಾಡಿ, ಅಂದರೆ ಇನ್ನೊಂದು ಸುತ್ತು ಕಾಫಿ.

ವಾರಂಟಿ

ಸಭೆ ಮುಗಿದು ಹೊರಡುವಾಗ ಹುಡುಗನಿಗೆ ಏನನ್ನಿಸಿತೋ, ಮರುದಿನ ಒಂದು ಪುಟ್ಟ ಲೇಬಲ್ ಯಂತ್ರ ಹಿಡಿದುಕೊಂಡು ಬಂದ. ಮನೆಯ ಅಷ್ಟೂ ಸ್ವಿಚ್ಚುಗಳಿಗೆ ನೀಟಾಗಿ, ಒಂದೇ ಅಳತೆಯಲ್ಲಿ, ಬಿಳಿ ಪಟ್ಟಿಯ ಮೇಲೆ ಬೂದು ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಅಂಟಿಸಿದ. ನೋಡಲು ಬಹಳ ಚೆಂದ. ಐದನೇ ಸ್ವಿಚ್ಚಿನ ಲೇಬಲ್ಲಿಗೆ ಜಾಗ ಬೇಕಿತ್ತು, ಬೊಟ್ಟು ತೆಗೆದ.

ಮಾರನೆಯ ಬೆಳಗ್ಗೆ ಐದೂವರೆಗೆ ಅತ್ತೆ ಕನ್ನಡಕವಿಲ್ಲದೆ ಬೋರ್ಡು ತಡವಿದರು. ಬೊಟ್ಟು ಸಿಗಲಿಲ್ಲ. ಕೊನೆಯದಕ್ಕಿಂತ ಒಂದು ಹಿಂದಿನದು ಎಂದು ಅಂದಾಜು ಮಾಡಿ ಕೊನೆಯದನ್ನೇ ಒತ್ತಿದರು. ಆರು ಗಂಟೆಗೆ ನಮ್ಮ ಟ್ಯಾಂಕಿನ ನೀರು ಪಕ್ಕದ ಮನೆಯವರ ರಂಗೋಲಿ ಮೇಲೆ ಬೀಳುತ್ತಿತ್ತು. ಅತ್ತೆ ತಣ್ಣೀರು ಮುಟ್ಟಿ ನೋಡಿ, “ನಂಗೇ ಗೊತ್ತಾಗ್ಲಿಲ್ಲ ಕಣೇ” ಅಂದರು.

ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಅವನು ಅರ್ಧ ನಿಮಿಷ ಮಾತಾಡಲಿಲ್ಲ, ಆಮೇಲೆ ಆ ಬೊಟ್ಟು ಎಷ್ಟು ದಪ್ಪ ಇತ್ತು ಅಕ್ಕ ಎಂದು ಕೇಳಿದ. ಐದನೇ ಲೇಬಲ್ ಕಿತ್ತಿದ್ದೇನೆ. ಉಳಿದವು ಇವೆ, ಬಂದವರು ಹೊಗಳುತ್ತಾರೆ. ಕನ್ನಡಿಯಲ್ಲಿದ್ದ ಬೊಟ್ಟುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಅತ್ತೆ ಆರಿಸಿ ಹಚ್ಚಿದ್ದಾರೆ.

ಈ ಬಳಗಕ್ಕೆ ವಾರಂಟಿ ಇಲ್ಲ. ಮುಂದಿನ ಸಭೆಯೂ ನಮ್ಮ ಮನೆಯಲ್ಲೇ, ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ. ಪುಸ್ತಕದ ಹೆಸರು, ಬರೆದವರ ಹೆಸರು, ಹೊದಿಕೆಯ ಫೋಟೋ ಮೂರನ್ನೂ ವಾಟ್ಸ್ಆ್ಯಪಿನಲ್ಲಿ ಹಾಕಿದ್ದೇನೆ. ಗೇಟಿನ ಹಿಡಿ ಬಿಚ್ಚಿಸಲು ವೆಲ್ಡಿಂಗ್‌ನವನಿಗೆ ಹೇಳಿಯಾಗಿದೆ, ಅವನು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ದಯವಿಟ್ಟು ಎಳೆಯಬೇಡಿ. ಚಿಲಕ ಎತ್ತಿ ತಳ್ಳಿ. ಬರದಿದ್ದರೆ ಕೂಗಿ, ಅತ್ತೆ ಕಿಟಕಿಯಲ್ಲೇ ಇರುತ್ತಾರೆ.